ನಿನ್ನನ್ನು ನೀನು ಕರುಣೆಯಿಂದ ಕಾಣು
(ಶತಮಾನೋತ್ಸವದ ಯುವಜನ ದಿನದಂದು ವಿಚಾರಣಾ ಗುರುಗಳು ನೀಡಿದ ಉಪನ್ಯಾಸ)



ಈ ದೇವಾಲಯದ ಕಲ್ಲುಗಾರೆಗಳ ನೂರು ವರುಷಗಳ ಕಥೆಯನ್ನು ಇತರರು ಹೇಳಿದ್ದಾರೆ. ನಾನು ಇಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದ ಒಬ್ಬ ಬಾಲಕನ ಕುರಿತು ಹೇಳಬಯಸುತ್ತೇನೆ.

ಹತ್ತನೆಯ ತರಗತಿಯ ಗಣಿತದಲ್ಲಿ ಅನುತ್ತೀರ್ಣನಾದ ಆತನು ಪೂಜೆಗೆ ಬರುವುದನ್ನೇ ನಿಲ್ಲಿಸಿದನು. ಮನೆಗೆ ಹೋಗಿ ವಿಚಾರಿಸಿದಾಗ, “ನಾನು ಯಾವುದಕ್ಕೂ ಬಾರದವನು, ಸ್ವಾಮಿ” ಎಂದನು. ನಾನು ಶ್ರಮದ ಮಹತ್ವವನ್ನು ದೀರ್ಘವಾಗಿ ಬೋಧಿಸಿ ಹಿಂತಿರುಗಿದೆನು. ಅದು ನನ್ನ ತಪ್ಪು. ಗಾಯಗೊಂಡವನಿಗೆ ಮೊದಲು ಬೇಕಾದುದು ಎಣ್ಣೆ ಮತ್ತು ಪಟ್ಟಿ. ಸಮಾರಿಯದ ಆ ದಯಾವಂತನು ಅರಿತಿದ್ದುದನ್ನು ನಾನು ಮರೆತಿದ್ದೆನು.

ಸಂತ ಫ್ರಾನ್ಸಿಸ್ ಡಿ ಸೇಲ್ಸರು 1586ರ ಕೊನೆಯಲ್ಲಿ ಪ್ಯಾರಿಸಿನಲ್ಲಿ ವಿದ್ಯಾರ್ಥಿಯಾಗಿದ್ದರು, ವಯಸ್ಸು 19. ದೇವರು ತನ್ನನ್ನು ಕೈಬಿಟ್ಟರೆಂಬ ಘೋರ ನಿರಾಶೆ ಅವರನ್ನು ವಾರಗಟ್ಟಲೆ ಬಾಧಿಸಿತು. ಕಡೆಗೆ ಮಾತೆ ಮರಿಯಮ್ಮನವರ ಸ್ವರೂಪದ ಮುಂದೆ ಪ್ರಾರ್ಥಿಸುತ್ತಿದ್ದಾಗ ಆ ಭಾರ ಇಳಿಯಿತು. 1609ರಲ್ಲಿ ಹೊರಬಂದ ತಮ್ಮ ಭಕ್ತಿಜೀವನದ ಗ್ರಂಥದಲ್ಲಿ, ನಮ್ಮ ವಿಷಯದಲ್ಲಿಯೂ ನಾವು ಸೌಮ್ಯರಾಗಿರಬೇಕೆಂಬುದಕ್ಕೆ ಅವರು ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ತಪ್ಪಿಗಾಗಿ ದುಃಖಿಸಬೇಕು, ಆದರೆ ಕೋಪದಿಂದ ತನ್ನನ್ನೇ ಹಳಿದುಕೊಳ್ಳಬಾರದು.

ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ಇಂತಹ ಆತ್ಮಕರುಣೆಗೆ ಮೂರು ಅಂಗಗಳನ್ನು ಸೂಚಿಸಿದರು: ತನ್ನೊಡನೆ ದಯೆಯಿಂದ ವರ್ತಿಸುವುದು; ಎಡವುವುದು ಎಲ್ಲ ಮಾನವರಿಗೂ ಸಹಜವೆಂದು ಅರಿಯುವುದು; ನೋವನ್ನು ಅಡಗಿಸದೆ, ಹಿಗ್ಗಿಸದೆ ಸಮಚಿತ್ತದಿಂದ ನೋಡುವುದು. ಇದು ಸೋಮಾರಿತನಕ್ಕೆ ಪರವಾನಗಿಯಲ್ಲ. ತನ್ನನ್ನು ದ್ವೇಷಿಸುವವನಿಗೆ ಮತ್ತೆ ಪ್ರಯತ್ನಿಸುವ ಬಲವೆಲ್ಲಿಂದ ಬರಬೇಕು? ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಆಜ್ಞೆಯಲ್ಲಿ ‘ತನ್ನಂತೆಯೇ’ ಎಂಬ ಮಾತು ಇದೆಯಲ್ಲವೇ? ಮೂರು ಬಾರಿ ನಿರಾಕರಿಸಿದ ಪೇತ್ರನಲ್ಲಿ ಪುನರುತ್ಥಾನರಾದ ಪ್ರಭು ತಪ್ಪುಗಳ ಲೆಕ್ಕ ಕೇಳಲಿಲ್ಲ, ಪ್ರೀತಿಯನ್ನು ಕೇಳಿದರು.

ತಂದೆತಾಯಿಗಳೇ, ನೆರೆಮನೆಯ ಮಗುವಿನ ಅಂಕಗಳನ್ನು ನಿಮ್ಮ ಮಗುವಿನ ಊಟದ ತಟ್ಟೆಯ ಪಕ್ಕದಲ್ಲಿ ಇಡಬೇಡಿ. ಮಗುವು ಮಾತು ಬಿಟ್ಟರೆ, ನಿದ್ರೆಗೆಟ್ಟರೆ, ಬದುಕು ಬೇಡವೆಂದರೆ ಅದನ್ನು ಹಟವೆಂದು ತಳ್ಳದೆ ಹತ್ತಿರ ಕುಳಿತು ಕೇಳಿರಿ. ವೈದ್ಯರ ಬಳಿಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ವೈದ್ಯರ ನೆರವು ಪಡೆಯುವುದು ವಿಶ್ವಾಸದ ಕೊರತೆಯಲ್ಲ.

ಆ ಬಾಲಕನ ಮನೆಗೆ ನಾನು ಮತ್ತೊಮ್ಮೆ ಹೋದೆನು. ಗುರುಮಠದಲ್ಲಿ ನಾನೂ ಲತೀನ್ ಪರೀಕ್ಷೆಯಲ್ಲಿ ಸೋತು ರಾತ್ರಿಯೆಲ್ಲ ಅತ್ತದ್ದನ್ನು ಹೇಳಿದೆನು. ಅವನು ಮೊದಲ ಬಾರಿಗೆ ತಲೆಯೆತ್ತಿ, “ನೀವೂ ಅತ್ತಿರಾ, ಸ್ವಾಮಿ?” ಎಂದನು. ಮುಂದಿನ ಭಾನುವಾರ ಪೂಜೆಗೆ ಬಂದನು. ಪೂರಕ ಪರೀಕ್ಷೆಯನ್ನೂ ಬರೆದನು.

ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ದೇವಾಲಯವು, ಸೋತು ಬಂದ ಮಕ್ಕಳು ತಲೆಯೆತ್ತಿ ಕುಳಿತುಕೊಳ್ಳಬಲ್ಲ ಮನೆಯಾಗಲಿ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.