ದಾಖಲಾತಿ ಪುಸ್ತಕದ ಒಂದು ಸಾಲು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



'ಹೈಸ್ಕೂಲಿನಿಂದ ಹೈಕೋರ್ಟಿನವರೆಗೆ' ಎಂಬ ವಿಷಯ ಕೊಟ್ಟು ನನ್ನನ್ನು ಕರೆದಿದ್ದಾರೆ. ಹೈಕೋರ್ಟಿಗೆ ನಾನು ಹೋಗಿದ್ದು ಬೆರಳೆಣಿಕೆಯಷ್ಟು ಸಲ. ನನ್ನ ಕೆಲಸವೆಲ್ಲ ಜಿಲ್ಲಾ ನ್ಯಾಯಾಲಯದಲ್ಲಿ, ಬಾಲನ್ಯಾಯ ಮಂಡಳಿಯಲ್ಲಿ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ. ಆದ್ದರಿಂದ ವಿಷಯವನ್ನು ಸ್ವಲ್ಪ ಬದಲಿಸಿಕೊಳ್ಳುತ್ತೇನೆ. ಕ್ಷಮಿಸಬೇಕು.

ನನ್ನ ಜೊತೆ ಓದಿದವರಿಗೆ ಒಂದು ಪ್ರಶ್ನೆ. ನಿಮ್ಮಲ್ಲಿ ಎಷ್ಟು ಜನರ ಹುಟ್ಟಿದ ದಿನ ಜೂನ್ 1? ನೋಡಿ, ಎಷ್ಟೊಂದು ಕೈಗಳು! ನನ್ನದೂ ಅದೇ. ದೀಪಾವಳಿ ಅಮಾವಾಸ್ಯೆಯ ಹಿಂದಿನ ದಿನ ಹುಟ್ಟಿದೆ ಅಂತ ಅವ್ವ ಹೇಳುತ್ತಿದ್ದಳು. ಪ್ರಾಥಮಿಕ ಶಾಲೆಯ ಮಾಸ್ತರರು ನನ್ನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿ ಮುಟ್ಟಿಸಿ, ಮುಟ್ಟಿದ್ದಕ್ಕೆ ಜೂನ್ 1 ಎಂದು ಬರೆದುಕೊಂಡರು. ನಾವೆಲ್ಲ ಅದನ್ನು ಹೇಳಿಕೊಂಡು ನಗುತ್ತಿದ್ದೆವು. ವಕೀಲಳಾದ ಮೇಲೆ ಆ ನಗು ನಿಂತಿತು.

ಯಾಕೆಂದರೆ ಮಕ್ಕಳ ಕಾನೂನಿನ ಬಾಗಿಲು ವಯಸ್ಸು. ಹದಿನೆಂಟು ತುಂಬಿಲ್ಲ ಎಂದು ತೋರಿಸಲಾಗದಿದ್ದರೆ ಪೋಕ್ಸೊ ಕಾಯ್ದೆಯೂ ಇಲ್ಲ, ಬಾಲನ್ಯಾಯ ಕಾಯ್ದೆಯೂ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಂ ಇದಕ್ಕೊಂದು ಕ್ರಮ ಹೇಳುತ್ತದೆ. ಮೊದಲು ಶಾಲೆ ಕೊಡುವ ಜನ್ಮದಿನಾಂಕ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂಥದ್ದು. ಅದಿಲ್ಲದಿದ್ದರೆ ನಗರಸಭೆಯ ಅಥವಾ ಪಂಚಾಯತಿಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಎಕ್ಸ್‌ರೇ ತೆಗೆಯುವ ವೈದ್ಯಕೀಯ ಪರೀಕ್ಷೆ. ಈ ಪರೀಕ್ಷೆಯಲ್ಲಿ ಎರಡು ವರ್ಷ ಆಚೀಚೆ ಆಗಬಹುದು ಎಂದು ನ್ಯಾಯಾಲಯಗಳು ಒಪ್ಪಿಕೊಂಡಿವೆ. ಹದಿನೈದರ ಹುಡುಗಿ ಹದಿನೇಳೂ ಆಗಬಹುದು, ಹದಿನಾರರವಳು ಹದಿನೆಂಟೂ ಆಗಬಹುದು. ಸಂಶಯದ ಲಾಭ ಆರೋಪಿಗೆ.

ನಾನು ಸೋತ ಒಂದು ಕೇಸು ಹೇಳುತ್ತೇನೆ. ಬೇರೆ ತಾಲ್ಲೂಕಿನ ಹುಡುಗಿ. ಊರು, ಹೆಸರು ಹೇಳುವಂತಿಲ್ಲ. ಪೋಕ್ಸೊ ಪ್ರಕರಣ ನಡೆಸುವವರು ಸರ್ಕಾರಿ ಅಭಿಯೋಜಕರು. ಮಗುವಿನ ಕಡೆಯ ವಕೀಲರಿಗೆ ಅವರ ಪಕ್ಕ ನಿಂತು ನೆರವಾಗಲು 40ನೇ ಕಲಂ ಅವಕಾಶ ಕೊಡುತ್ತದೆ. ನಾನು ಹಾಗೆ ನಿಂತಿದ್ದೆ. ಕಡತದಲ್ಲಿ ಇದ್ದದ್ದು ವರ್ಗಾವಣೆ ಪತ್ರದ ನಕಲು ಒಂದೇ. ಸಾಕ್ಷಿಗೆ ಬಂದ ಮುಖ್ಯೋಪಾಧ್ಯಾಯರಿಗೆ ಎದುರು ವಕೀಲರು ಎರಡೇ ಪ್ರಶ್ನೆ ಕೇಳಿದರು: "ಈ ತಾರೀಖನ್ನು ಹೇಳಿದವರು ಯಾರು? ಯಾವ ದಾಖಲೆ ನೋಡಿ ಬರೆದಿರಿ?" ಅವರು ಆ ಶಾಲೆಗೆ ಬಂದು ಎರಡು ವರ್ಷವಾಗಿತ್ತಷ್ಟೆ. ಮೂಲ ದಾಖಲಾತಿ ಪುಸ್ತಕ ಮಳೆಗೆ ನೆನೆದು ಹಾಳಾಗಿದೆ ಎಂದರು. ಪಂಚಾಯತಿಯಲ್ಲಿ ಜನನ ನೋಂದಣಿಯೂ ಆಗಿರಲಿಲ್ಲ. ವಯಸ್ಸು ಸಾಬೀತಾಗಲಿಲ್ಲ. ಆರೋಪಿ ಬಿಡುಗಡೆಯಾದ.

ಹೊರಗೆ ಬೇವಿನ ಮರದ ಕೆಳಗೆ ಆ ಹುಡುಗಿ ಕೇಳಿದಳು: "ಮೇಡಂ, ನನಗ ಎಷ್ಟು ವರ್ಷ ಅಂತ ನನಗ ಗೊತ್ತಿಲ್ಲೇನು?" ನನ್ನ ಹತ್ತಿರ ಉತ್ತರ ಇರಲಿಲ್ಲ. ವಿಚಾರಣೆಗೆ ಮೊದಲೇ ನಾನು ಆ ಶಾಲೆಗೆ ಹೋಗಿ ಪುಸ್ತಕ ನೋಡಬೇಕಿತ್ತು, ಹೋಗಿರಲಿಲ್ಲ. ಆ ತಪ್ಪು ನನ್ನದು. ಮುಂದೆ 2023ರಲ್ಲಿ ಸುಪ್ರೀಂ ಕೋರ್ಟು ಕೂಡ ಬರೀ ವರ್ಗಾವಣೆ ಪತ್ರ ಸಾಲದು ಎಂದು ಇನ್ನೊಂದು ಪ್ರಕರಣದಲ್ಲಿ ಹೇಳಿತು. ಓದುವಾಗ ಆ ಬೇವಿನ ಮರವೇ ಕಣ್ಣಮುಂದೆ ಬಂತು.

ಅಂದಿನಿಂದ ಕೇಸು ಕೈಗೆ ಬಂದರೆ ನಾನು ಮೊದಲು ಹೋಗುವುದು ಶಾಲೆಗೆ. ಇನ್ನೊಮ್ಮೆ ಹೀಗಾಯಿತು. ಮರುದಿನ ಬೆಳಿಗ್ಗೆ ಅಕ್ಷತೆ, ಹುಡುಗಿ ಒಂಬತ್ತನೇ ತರಗತಿ. 1098ಕ್ಕೆ ಫೋನು ಮಾಡಿದ್ದು ಅವಳ ಗೆಳತಿ. ಮನೆಯವರು ಹತ್ತೊಂಬತ್ತು ಎಂದು ಅಫಿಡವಿಟ್ ಮಾಡಿಸಿ ಇಟ್ಟಿದ್ದರು. ಆ ಊರಿನ ಮುಖ್ಯೋಪಾಧ್ಯಾಯರು ದಾಖಲಾತಿ ಪುಸ್ತಕವನ್ನು ಟವೆಲಿನಲ್ಲಿ ಸುತ್ತಿ ಬೈಕಿನ ಮೇಲೆ ತಂದುಕೊಟ್ಟರು. ಬಾಲ್ಯವಿವಾಹ ನಿಷೇಧ ಕಾಯ್ದೆ, 2006ರ 13ನೇ ಕಲಮಿನಂತೆ ಮ್ಯಾಜಿಸ್ಟ್ರೇಟರು ಮದುವೆಗೆ ತಡೆಯಾಜ್ಞೆ ಕೊಡಬಹುದು. ಅದನ್ನು ಮೀರಿ ತಾಳಿ ಕಟ್ಟಿದರೆ ಆ ಮದುವೆಯೇ ಅಸಿಂಧು. ಸಂಜೆ ಆದೇಶ ಸಿಕ್ಕಿತು. ಚಪ್ಪರ ಬಿಚ್ಚಿದರು. ಅಡುಗೆಗೆ ತಂದ ಅಕ್ಕಿ-ಬೇಳೆ ಸಾಲದ್ದು. ಆ ತಂದೆ ನನ್ನನ್ನು ಬೈದ ಬೈಗುಳ ಇಲ್ಲಿ ಹೇಳಲಾರೆ, ಆದರೆ ಅವರ ಸಂಕಟವೂ ಸುಳ್ಳಲ್ಲ. ಆರು ತಿಂಗಳು ಅವರು ಮಗಳ ಜೊತೆ ಮಾತಾಡಲಿಲ್ಲವಂತೆ. ಅವಳು ಎಸ್ಸೆಸ್ಸೆಲ್ಸಿ ಪಾಸಾದಳು. ಆ ಮುಖ್ಯೋಪಾಧ್ಯಾಯರ ಮೇಲೆ ಊರಿನವರ ಸಿಟ್ಟು ಮಾತ್ರ ಬಹಳ ದಿನ ಹೋಗಲಿಲ್ಲ.

ಈ ವೃತ್ತಿಯಲ್ಲಿ ದುಡ್ಡು ಎಷ್ಟು ಎಂದು ಬೆಳಿಗ್ಗೆ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಇದೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ. ಅವರಿಂದ ನಾವು ಶುಲ್ಕ ತೆಗೆದುಕೊಳ್ಳುವ ಮಾತಿಲ್ಲ. ಪ್ರಾಧಿಕಾರ ಕೊಡುವ ಸಂಭಾವನೆ ಸಣ್ಣದು, ಬರುವುದೂ ತಡ. ನನ್ನ ಮನೆ ನಡೆದದ್ದು ಜಮೀನು ಪಾಲಿನ ದಾವೆಗಳಿಂದ. ಅಣ್ಣತಮ್ಮಂದಿರು ಜಗಳಾಡಿದ್ದರಿಂದ ಮಕ್ಕಳ ಕೇಸು ನಡೆಸಿದೆ ಅನ್ನಿ! ಪಿಯುಸಿ ನಂತರ ಐದು ವರ್ಷ, ಪದವಿಯ ನಂತರವಾದರೆ ಮೂರು ವರ್ಷ ಕಾನೂನು ಓದಬೇಕು. ಬರುವವರು ಬನ್ನಿ, ಆದರೆ ಮೊದಲ ಐದಾರು ವರ್ಷಕ್ಕೆ ಇನ್ನೊಂದು ಆಸರೆ ಇಟ್ಟುಕೊಂಡು ಬನ್ನಿ.

ನಿನ್ನೆ ಸಂಜೆ ಕಚೇರಿಯಲ್ಲಿ ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕ ತೆರೆಸಿ ನೋಡಿದೆ. ನನ್ನ ಹೆಸರಿನ ಮುಂದೆ ಜೂನ್ 1 ಇದೆ. ಪೋಷಕರ ಸಹಿಯ ಜಾಗದಲ್ಲಿ ಅವ್ವನ ಹೆಬ್ಬೆಟ್ಟು ಇದೆ, ಮಸಿ ಸ್ವಲ್ಪ ಹರಡಿದೆ. ಪುಸ್ತಕದ ಬೆನ್ನು ಕಿತ್ತಿದೆ, ಮೊದಲ ಕೆಲವು ಹಾಳೆಗಳನ್ನು ಗೆದ್ದಲು ಮುಟ್ಟಿದೆ. ಐವತ್ತು ವರ್ಷದ ಎಲ್ಲ ಪುಸ್ತಕಗಳಿಗೂ ಹೊಸ ರಟ್ಟು ಹಾಕಿಸಿ, ಪ್ರತಿ ಪುಟದ ಸ್ಕ್ಯಾನ್ ಮಾಡಿಸುವ ಖರ್ಚು ನನ್ನದು. ಮುಖ್ಯೋಪಾಧ್ಯಾಯರು ಇಲಾಖೆಯ ಅನುಮತಿ ಕೇಳಿ ಪತ್ರ ಬರೆಯುವುದಾಗಿ ಹೇಳಿದ್ದಾರೆ. ನಮ್ಮ ಬ್ಯಾಚಿನವರು ಒಂದು ಒಳ್ಳೆಯ ಕಬ್ಬಿಣದ ಬೀರು ಕೊಡಿಸಿದರೆ ಉಪಕಾರವಾಗುತ್ತದೆ. ಊಟದ ಹೊತ್ತಿಗೆ ನನ್ನನ್ನು ಕಾಣಿ.