ಕ್ರೈಸ್ತ ಆರಾಧನೆಯೂ ದೇಶಭಕ್ತಿಯೂ

ಆಗಸ್ಟ್ 15ನೆಯ ತಾರೀಖು ನಮ್ಮ ಸ್ವಾತಂತ್ರ್ಯದ ದಿನವೆಂಬುದು ಎಲ್ಲರೂ ಬಲ್ಲ ಸಂಗತಿ. ಅದೇ ದಿನ ಕಥೋಲಿಕ ಕ್ರೈಸ್ತರಿಗೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬವೆಂಬುದು ಅಷ್ಟಾಗಿ ತಿಳಿದಿರಲಾರದು. 1947ರಲ್ಲಿ ಆ ದಿನವನ್ನು ಗೊತ್ತುಮಾಡಿದವರು ಪಂಚಾಂಗವನ್ನಾಗಲಿ ಇಗರ್ಜಿಯ ಹಬ್ಬಗಳ ಪಟ್ಟಿಯನ್ನಾಗಲಿ ನೋಡಿ ಗೊತ್ತುಮಾಡಿದವರಲ್ಲ. ಎರಡೂ ಕೂಡಿಬಂದುದು ಆಕಸ್ಮಿಕ. ಆದರೆ ಈ ಆಕಸ್ಮಿಕವು ವರ್ಷಕ್ಕೊಮ್ಮೆ ಒಂದು ಪ್ರಶ್ನೆಯನ್ನು ಎದುರಿಗೆ ತಂದು ನಿಲ್ಲಿಸುತ್ತದೆ. ಅಂಗಳದಲ್ಲಿ ಧ್ವಜವೇರುತ್ತದೆ, ಒಳಗೆ ಬಲಿಪೂಜೆ ನಡೆಯುತ್ತದೆ. ಆ ಧ್ವಜವು ಹೊಸ್ತಿಲನ್ನು ದಾಟಿ ಬಲಿಪೀಠದ ಬಳಿಗೆ ಬರಬಹುದೆ? ರಾಷ್ಟ್ರಗೀತವನ್ನು ಸ್ತೋತ್ರಗಳ ನಡುವೆ ಹಾಡಬಹುದೆ?

ಬರಲೇಬೇಕು, ಬಾರದಿದ್ದರೆ ಅವರ ಭಕ್ತಿ ಎಲ್ಲಿಯದೋ ಎನ್ನುವವರುಂಟು. ದೇವರ ಮನೆಯಲ್ಲಿ ದೇಶದ ಮಾತೇ ಕೂಡದು ಎನ್ನುವವರೂ ಉಂಟು. ಇಬ್ಬರೂ ಆತುರಗಾರರೆಂದು ನಮ್ಮ ಅಭಿಪ್ರಾಯ. ಹಾಗೇಕೆ ಎಂಬುದಕ್ಕೆ ದೂರ ಹೋಗಬೇಕಾದುದಿಲ್ಲ. ನಮ್ಮ ಕರಾವಳಿಯ ಒಂದು ತುಂಡನ್ನು ನೋಡಿದರೆ ಸಾಕು.

ಬೀಜಾಡಿಯಲ್ಲಿ ನಿಂತವರಿಗೆ ಪಡುವಣಕ್ಕೆ ಕಡಲು. ಬಡಗಣಕ್ಕೆ ಸ್ವಲ್ಪ ದೂರ ಹೋದರೆ ಕುಂದಾಪುರ. ತೆಂಕಣಕ್ಕೆ ಹೋದರೆ ಬ್ರಹ್ಮಾವರ. ಈ ಎರಡು ಊರುಗಳ ಇಗರ್ಜಿಗಳ ಚರಿತ್ರೆಯಲ್ಲಿ ನಮ್ಮ ಪ್ರಶ್ನೆಯು ಬೇರೆ ವೇಷದಲ್ಲಿ ಬಹು ಹಿಂದೆಯೇ ಬಂದುಹೋಗಿದೆ.

ಕುಂದಾಪುರದ ರೋಸರಿ ಮಾತೆಯ ಇಗರ್ಜಿಯು 1570ರಷ್ಟು ಹಿಂದಿನದೆಂದು ಲೆಕ್ಕ. ಪೋರ್ಚುಗೀಸರ ಹಡಗುಗಳು ಈ ತೀರದಲ್ಲಿ ಓಡಾಡುತ್ತಿದ್ದ ಕಾಲ ಅದು. ಪೂರ್ವದೇಶಗಳಲ್ಲಿ ಬಿಷಪರನ್ನು ಸೂಚಿಸುವ ಹಕ್ಕನ್ನೂ, ಇಗರ್ಜಿಗಳನ್ನು ಪೋಷಿಸುವ ಹೊಣೆಯನ್ನೂ ಪೋಪರು ಪೋರ್ಚುಗಲ್ಲಿನ ದೊರೆಗೆ ಕೊಟ್ಟಿದ್ದರು. ಪದ್ರೊವಾದೊ ಎಂದು ಅದಕ್ಕೆ ಹೆಸರು. ಹೊಣೆಯನ್ನು ಹೊರಲು ದೊರೆಗೆ ಬಲವಿಲ್ಲದಾಯಿತು. ಹಕ್ಕನ್ನು ಬಿಡಲು ಮನಸ್ಸೂ ಇಲ್ಲ. ಇತ್ತ ರೋಮಿನಲ್ಲಿ 1622ರಲ್ಲಿ ಪ್ರೊಪಗಾಂಡವೆಂಬ ಧರ್ಮಪ್ರಚಾರ ಮಂಡಲಿ ಹುಟ್ಟಿ ತನ್ನ ಕಡೆಯಿಂದಲೂ ಅಧಿಕಾರಿಗಳನ್ನು ಕಳುಹಿಸಲಾರಂಭಿಸಿತು. ಕನ್ನಡ ಜಿಲ್ಲೆಯ ಕಥೋಲಿಕರ ಮೇಲೆ ಹೀಗೆ ಎರಡು ಅಧಿಕಾರಗಳು ಬಂದವು. ಒಂದು ಪಕ್ಷದವರು ನಡಸಿದ ಸಂಸ್ಕಾರವು ಸಲ್ಲದೆಂದು ಮತ್ತೊಂದು ಪಕ್ಷದವರು ಹೇಳುವಷ್ಟಕ್ಕೆ ಜಗಳ ಬೆಳೆಯಿತು. 1681ರಲ್ಲಿ ಗೋವೆಯಿಂದ ಪದ್ರೊವಾದೊದ ಪರವಾಗಿ ಬಂದ ಜೋಸೆಫ್ ವಾಜರು, ಪ್ರೊಪಗಾಂಡದ ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೊ ಅವರೊಡನೆ ಕಾದಾಡುವ ಬದಲು ಸಂಧಾನಕ್ಕೆ ದಾರಿಮಾಡಿದರು. ತಮ್ಮನ್ನು ಕಳುಹಿಸಿದವರ ಗೆಲುವಿಗಿಂತ ಜನರ ಸಂಸ್ಕಾರವು ದೊಡ್ಡದೆಂದು ಬಗೆದ ಈ ಪಾದ್ರಿಗಳನ್ನು 2015ರಲ್ಲಿ ಸಂತರೆಂದು ಸಾರಲಾಯಿತು.

ಬ್ರಹ್ಮಾವರದ ಕಥೆ ಇದರ ಮುಂದಿನ ಅಧ್ಯಾಯ. 1886ರಲ್ಲಿ ಪೋಪರಿಗೂ ಪೋರ್ಚುಗಲ್ಲಿಗೂ ಆದ ಒಪ್ಪಂದದಿಂದ ಪದ್ರೊವಾದೊದ ಎಲ್ಲೆ ಕುಗ್ಗಿತು. ಗೋವೆಗೆ ಸೇರಿದ್ದ ಇಲ್ಲಿಯ ಇಗರ್ಜಿಗಳು ಮಂಗಳೂರಿನ ಇಟಾಲಿಯನ್ ಬಿಷಪರ ಕೈಕೆಳಗೆ ಬಂದವು. ಬ್ರಹ್ಮಾವರದ ಹಲವು ಕುಟುಂಬಗಳು ಇದನ್ನು ಒಪ್ಪಲಿಲ್ಲ. ಗೋವೆಯವರೇ ಆದ ಅಲ್ವಾರಿಸ್ ಪಾದ್ರಿಗಳು 1889ರಲ್ಲಿ ಮಲಂಕರ ಸಿರಿಯನ್ ಸಭೆಯಿಂದ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಬಿಷಪ್ ಪದವಿಯನ್ನು ಪಡೆದರು. ಬ್ರಹ್ಮಾವರದಲ್ಲಿ ನೊರೊನ್ಹ ಪಾದ್ರಿಗಳು ಆ ಸಭೆಯನ್ನು ಕಟ್ಟಿ ನಿಲ್ಲಿಸಿದರು. ಅಲ್ವಾರಿಸರು ಪತ್ರಿಕೆಗಳನ್ನು ನಡಸಿ ಪೋರ್ಚುಗೀಸ್ ಸರ್ಕಾರವನ್ನು ಟೀಕಿಸಿದವರು, ಅದಕ್ಕಾಗಿ ಬಂಧನವನ್ನೂ ಕಂಡವರು. ವಿಚಿತ್ರವನ್ನು ನೋಡಿರಿ: ಪೋರ್ಚುಗಲ್ಲಿನ ಹಕ್ಕು ಹೋದುದಕ್ಕೆ ಮುನಿದು ಹೊರಟ ಸಭೆಗೆ ಪೋರ್ಚುಗೀಸರ ವಿರೋಧಿಯೇ ಬಿಷಪರಾದರು! ಆ ಜನರು ಬಯಸಿದ್ದು ಲಿಸ್ಬನ್ನಿನ ದೊರೆಯನ್ನಲ್ಲ, ರೋಮಿನ ಅಧಿಕಾರಿಯನ್ನೂ ಅಲ್ಲ. ತಮ್ಮ ನಾಡಿನವರು, ತಮ್ಮ ಮಾತನ್ನಾಡುವವರು ತಮ್ಮ ಬಲಿಪೀಠದ ಮುಂದೆ ನಿಲ್ಲಬೇಕೆಂದು ಬಯಸಿದರೆಂದು ನಮಗೆ ತೋರುತ್ತದೆ. ಮೊದಲು ಅವರು ರೋಮನ್ ಪದ್ಧತಿಯನ್ನೇ ಇಟ್ಟುಕೊಂಡರು. ಇಂದು ಅಲ್ಲಿ ಸಿರಿಯನ್ ಪದ್ಧತಿಯ ಆರಾಧನೆಯು ಕೊಂಕಣಿಯಲ್ಲಿ ಕೇಳಿಬರುತ್ತದೆ.

ಇಷ್ಟನ್ನು ಹೇಳಿದ ಉದ್ದೇಶವೇನೆಂದರೆ, ಆರಾಧನೆಯೊಳಕ್ಕೆ ದೇಶವನ್ನು ಬಿಡಬೇಕೆ ಎಂದು ಕೇಳುವಾಗ ಅದು ಇದುವರೆಗೆ ಹೊರಗೇ ಇತ್ತೆಂದು ನಾವು ಎಣಿಸಿಬಿಡುತ್ತೇವೆ. ಎಂದೂ ಹೊರಗಿರಲಿಲ್ಲ. ಒಳಗೆ ಕುಳಿತಿದ್ದದ್ದು ಪರರ ದೇಶವಾಗಿತ್ತು, ಅಷ್ಟೇ. ಇಂಗ್ಲಿಷರ ಸಭೆಯ ಪ್ರಾರ್ಥನಾ ಪುಸ್ತಕದಲ್ಲಿ, ದೊರೆಯು ತನ್ನ ಶತ್ರುಗಳನ್ನೆಲ್ಲ ಗೆಲ್ಲಲೆಂಬ ಬೇಡಿಕೆ ಉಂಟು. ನಮ್ಮ ದೇಶದ ಚರ್ಚುಗಳಲ್ಲಿ ಅದನ್ನು ಓದುತ್ತಿದ್ದರು. ಆ ಶತ್ರುಗಳಲ್ಲಿ ಕೆಲವರು ಚರ್ಚಿನ ಗೋಡೆಯಾಚೆಯೇ ವಾಸವಾಗಿದ್ದರು. 1857ರ ಮೇ 10, ಭಾನುವಾರ, ಮೀರತ್ತಿನಲ್ಲಿ ದಂಗೆಯೆದ್ದ ಬಳಿಕ ಸೋಲ್ಜರುಗಳು ಬಂದೂಕಗಳೊಡನೆ ಆರಾಧನೆಗೆ ಬರುವ ಕ್ರಮವಾಯಿತು. ಕೆಲವು ದಂಡಿನ ಚರ್ಚುಗಳ ಬೆಂಚುಗಳಲ್ಲಿ ಬಂದೂಕವನ್ನು ಒರಗಿಸಿಡಲು ಕಚ್ಚು ಕೊರೆದಿದ್ದರು. ಇದನ್ನು ಆಗ ಯಾರೂ ಆರಾಧನೆಯಲ್ಲಿ ರಾಜಕೀಯವೆಂದು ಕರೆಯಲಿಲ್ಲ. ತನ್ನ ದೇಶದ ಭಕ್ತಿಯು ತನಗೆ ಕಾಣುವುದಿಲ್ಲ. ಕನ್ನಡಕವನ್ನು ಹಾಕಿಕೊಂಡವನಿಗೆ ಕನ್ನಡಕ ಕಾಣದ ಹಾಗೆ.

ಹಾಗಾದರೆ ಪರರ ದೇಶವನ್ನು ಎಬ್ಬಿಸಿ, ಅದೇ ಪೀಠದಲ್ಲಿ ನಮ್ಮ ದೇಶವನ್ನು ಕುಳ್ಳಿರಿಸಿದರೆ ಸರಿಹೋಯಿತೆ? ಇಲ್ಲಿ ಸ್ವಲ್ಪ ನಿಲ್ಲಬೇಕು. ದೇಶವನ್ನು ತಾಯಿಯೆಂದು, ತಾಯಿಯನ್ನು ದೇವಿಯೆಂದು ಕಾಣುವುದು ನಮ್ಮಲ್ಲಿ ಅನೇಕರಿಗೆ ಉಸಿರಾಟದಷ್ಟು ಸಹಜ. ಕ್ರೈಸ್ತನಾದರೋ ದೇವರೊಬ್ಬನ ಹೊರತು ಬೇರಾವುದಕ್ಕೂ ಆರಾಧನೆ ಸಲ್ಲದೆಂಬ ಕಟ್ಟಳೆಯ ಕೆಳಗೆ ಬಾಳುವವನು. ದೇಶಕ್ಕಾಗಿ ಆತ ಪ್ರಾಣವನ್ನು ಕೊಟ್ಟಾನು, ಧೂಪವನ್ನು ಹಾಕಲಾರ. ಈ ಹಿಂಜರಿತವನ್ನು ಪ್ರೀತಿಯ ಕೊರತೆಯೆಂದು ಓದುವವರು ಓದನ್ನು ತಪ್ಪಾಗಿ ಕಲಿತಿದ್ದಾರೆ. ಪೌಲನು ಅಧಿಕಾರದಲ್ಲಿರುವವರಿಗಾಗಿ ಪ್ರಾರ್ಥಿಸಬೇಕೆಂದು ಶಿಷ್ಯನಿಗೆ ಬರೆದಿರುವುದುಂಟು. ಪೌಲನ ಕಾಲದಲ್ಲಿ ರೋಮನ್ನು ಆಳುತ್ತಿದ್ದವನು ನೀರೋ ಎಂಬುದನ್ನು ನೆನೆದರೆ, ಒಬ್ಬನಿಗಾಗಿ ಪ್ರಾರ್ಥಿಸುವುದು ಬೇರೆ, ಅವನನ್ನು ಹೊಗಳುವುದು ಬೇರೆ ಎಂಬುದು ತಾನಾಗಿ ತಿಳಿಯುತ್ತದೆ. ಯೆಹೂದ್ಯರ ಪ್ರವಾದಿಗಳನ್ನು ನೋಡಿರಿ. ಆಮೋಸನಿಗಿಂತ, ಯೆರೆಮೀಯನಿಗಿಂತ ಹೆಚ್ಚಾಗಿ ಸ್ವದೇಶವನ್ನು ಪ್ರೀತಿಸಿದವರಾರು? ಅವರಿಗಿಂತ ಕಟುವಾಗಿ ಬೈದವರಾದರೂ ಆರು? ಯೆರೆಮೀಯನಂತೂ ಸೆರೆಹೋದ ತನ್ನ ಜನರಿಗೆ, ಸೆರೆಹಿಡಿದ ಶತ್ರುವಿನ ಪಟ್ಟಣದ ಕ್ಷೇಮಕ್ಕಾಗಿ ಬೇಡಿಕೊಳ್ಳಿರೆಂದು ಕಾಗದ ಬರೆದನು.

ಸೆರೆಯ ಮಾತು ಬಂದುದರಿಂದ ಒಂದು ಕಹಿಯಾದ ನೆನಪನ್ನು ಹೇಳದೆ ಬಿಡಲಾಗದು. 1784ರಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಸಂಶಯದ ಮೇಲೆ ಟಿಪ್ಪು ಸುಲ್ತಾನನು ಕನ್ನಡ ಜಿಲ್ಲೆಯ ಕಥೋಲಿಕರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಇಗರ್ಜಿಗಳು ನೆಲಸಮವಾದವು. ಹೋದವರ ಸಂಖ್ಯೆಯಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಬಹುಮಂದಿ ಹಿಂದಿರುಗಲಿಲ್ಲವೆಂಬುದರಲ್ಲಿ ಭೇದವಿಲ್ಲ. ಉಳಿದವರು ಊರನ್ನು ಕಂಡದ್ದು 1799ರ ಮೇಲೆ. ಕೆಲವರ ಮೇಲಿನ ಸಂಶಯಕ್ಕಾಗಿ ಒಂದು ಜನವೆಲ್ಲ ದಂಡ ತೆತ್ತ ಈ ಸಂಗತಿಯನ್ನು ಮನೆಮಾತಾಗಿ ಉಳಿಸಿಕೊಂಡವರಿಗೆ, ನಿಮ್ಮ ನಿಷ್ಠೆಯನ್ನು ತೋರಿಸಿರಿ ಎಂಬ ಮಾತು ಹೇಗೆ ಕೇಳಿಸೀತೆಂಬುದನ್ನು ಇತರರು ಊಹಿಸಿಕೊಳ್ಳಬೇಕು. ಇಂಥ ಮಾತಿಗೆ ಅಂಜಿ ಬಲಿಪೀಠದ ಬಳಿ ಧ್ವಜವನ್ನು ನಿಲ್ಲಿಸಿದರೆ, ಅದು ಧ್ವಜವೂ ಅಲ್ಲ, ದೇವರಿಗೆ ಕಾಣಿಕೆಯೂ ಅಲ್ಲ. ನೆರೆಯವರಿಗೆ ತೋರಿಸುವ ಒಂದು ಸರ್ಟಿಫಿಕೇಟು. ಧ್ವಜಕ್ಕೂ ಅದರಿಂದ ಗೌರವವಿಲ್ಲ.

ಅಂಜಿಕೆಯಿಂದ ಬಂದ ಧ್ವಜ ಹೀಗಾದರೆ, ಹೆಮ್ಮೆಯಿಂದ ಬಂದ ಧ್ವಜವು ಇನ್ನೂ ಅಪಾಯಕರ. ಜರ್ಮನಿಯ ಚರ್ಚುಗಳಲ್ಲಿ ಹಿಟ್ಲರನ ಕಾಲದಲ್ಲಿ ಸ್ವಸ್ತಿಕದ ಪತಾಕೆಗಳು ತೂಗಾಡಿದುವು. ಸಭೆಗೆ ಕ್ರಿಸ್ತನ ಹೊರತು ಬೇರೆ ನಾಯಕನಿಲ್ಲವೆಂದು 1934ರಲ್ಲಿ ಬಾರ್ಮೆನ್ನಿನಲ್ಲಿ ಕೆಲವರು ಘೋಷಿಸಿದರು. ಅದನ್ನು ಬಹುಮಟ್ಟಿಗೆ ಬರೆದ ಕಾರ್ಲ್ ಬಾರ್ತ್ ಎಂಬ ಪಂಡಿತನು ಹಿಟ್ಲರನಿಗೆ ನಿರ್ಬಂಧವಿಲ್ಲದ ಪ್ರಮಾಣ ಮಾಡಲೊಲ್ಲದೆ ಅಧ್ಯಾಪಕ ಪದವಿಯನ್ನು ಕಳೆದುಕೊಂಡು 1935ರಲ್ಲಿ ತನ್ನ ಹುಟ್ಟೂರಾದ ಬಾಸೆಲಿಗೆ ಮರಳಿದನು. 1834ರಲ್ಲಿ ಮಂಗಳೂರಿಗೆ ಮಿಶನರಿಗಳನ್ನು ಕಳುಹಿಸಿ, ನಮಗೆ ಕಿಟ್ಟೆಲರ ನಿಘಂಟನ್ನು ದೊರಕಿಸಿದ ಬಾಸೆಲ್ ಅದೇ. ಇಂಗ್ಲೆಂಡಿನ ಇನ್ನೊಂದು ಉದಾಹರಣೆ ನಮಗೆ ಬಹು ಮೆಚ್ಚು. 1982ರಲ್ಲಿ ಫಾಕ್‌ಲೆಂಡ್ ಯುದ್ಧ ಮುಗಿದ ಮೇಲೆ ಲಂಡನ್ನಿನ ಸೇಂಟ್ ಪಾಲ್ಸ್ ದೇವಾಲಯದಲ್ಲಿ ನಡೆದ ಆರಾಧನೆಯಲ್ಲಿ ಆರ್ಚ್‌ಬಿಷಪ್ ರನ್ಸಿಯವರು ಅರ್ಜೆಂಟೀನದಲ್ಲಿ ಮಕ್ಕಳನ್ನು ಕಳೆದುಕೊಂಡವರನ್ನೂ ನೆನೆದರು. ಆಳುವ ಪಕ್ಷದ ಕೆಲವರಿಗೆ ಇದು ಹಿಡಿಸಲಿಲ್ಲ. ರನ್ಸಿಯವರನ್ನು ಹೇಡಿಯೆನ್ನುವಂತೆಯೂ ಇರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕುಗಳ ಪಡೆಯಲ್ಲಿ ಹೋರಾಡಿ ಶೌರ್ಯಪದಕ ಪಡೆದವರು ಅವರು.

ಆದುದರಿಂದ ನಮ್ಮ ನಿಲುವು ಇದು. ದೇಶವು ಆರಾಧನೆಯೊಳಕ್ಕೆ ಬರಲಿ; ಭಕ್ತರ ಸಾಲಿನಲ್ಲಿ ಬಂದು ಮೊಣಕಾಲೂರಲಿ. ಅದರ ಹೆಸರಿನಲ್ಲಿ ಬೇಡಿಕೆ ಇರಲಿ, ಕೃತಜ್ಞತೆ ಇರಲಿ, ಅದರ ಅನ್ಯಾಯಗಳಿಗಾಗಿ ಪಶ್ಚಾತ್ತಾಪವೂ ಇರಲಿ. ಈ ಕಡೆಯದಕ್ಕೆ ಅವಕಾಶವಿಲ್ಲದೆಡೆಯಲ್ಲಿ ನಡೆಯುವುದು ಉತ್ಸವವಾದೀತು, ಪ್ರಾರ್ಥನೆಯಾಗದು. ರಾಷ್ಟ್ರಗೀತವನ್ನು ಅಂಗಳದಲ್ಲಿ ಧ್ವಜದ ಕೆಳಗೆ ನೆಟ್ಟಗೆ ನಿಂತು ಹಾಡಲಿ; ಅದಕ್ಕೆ ಅದೇ ತಕ್ಕ ಸ್ಥಳ. ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನ್ಮದಿನದ ಮೊಂತಿ ಹಬ್ಬದಲ್ಲಿ ಹೊಸ ಭತ್ತದ ತೆನೆಗಳನ್ನು ಹರಸಿ ಮನೆಮನೆಗೆ ಹಂಚಿಕೊಂಡು ಹೊಸ ಅಕ್ಕಿಯ ಊಟ ಮಾಡುತ್ತಾರೆ. ನೆರೆಯ ಹಿಂದೂ ಮನೆಗಳಲ್ಲಿ ಹೊಸ್ತಿನ ಊಟವಾಗುವುದೂ ಅದೇ ಗದ್ದೆಗಳ ತೆನೆಯಿಂದ. 1963ರ ವ್ಯಾಟಿಕನ್ ನಿರ್ಣಯದ ಮೇಲೆ ಲ್ಯಾಟಿನ್ನಿನ ಜಾಗಕ್ಕೆ ಕೊಂಕಣಿ, ಕನ್ನಡಗಳೂ ಬಲಿಪೂಜೆಗೆ ಬಂದುವು. ಮಣ್ಣೂ ಮಾತೂ ಹೀಗೆ ಸದ್ದಿಲ್ಲದೆ ಬಲಿಪೀಠವನ್ನು ಸೇರಿರುವಾಗ, ಬಟ್ಟೆಯ ಧ್ವಜ ಸೇರಲಿಲ್ಲವೆಂದು ಕೊರಗುವವರ ಕೊರಗು ನಮಗೆ ಅರ್ಥವಾಗುವುದಿಲ್ಲ.

ಒಂದು ತೊಡಕು ಉಳಿಯುತ್ತದೆ. ಗಡಿಯಲ್ಲಿ ಮಗನಿರುವ ತಾಯಿಯು ಯುದ್ಧಕಾಲದಲ್ಲಿ ಮೇಣದ ಬತ್ತಿ ಹಚ್ಚಿ, ನಮ್ಮವರೇ ಗೆಲ್ಲಲಿ ಎಂದು ಬೇಡಿಕೊಂಡರೆ? ಅದು ಕೂಡದೆನ್ನಲು ನಾವು ಯಾರು? ಆಕೆಯ ಮೊರೆಗೆ ವ್ಯಾಕರಣವನ್ನು ಬರೆಯುವ ಕೆಲಸ ನಮ್ಮದಲ್ಲ. ನಾವು ಹೇಳಿದ ಕಟ್ಟುಪಾಡೆಲ್ಲ ಸಭೆಯ ಹೆಸರಿನಲ್ಲಿ ಬಾಯಿ ತೆರೆಯುವ ಪಾದ್ರಿಗೆ. ಆತನು ಆ ತಾಯಿಯ ಮಗನ ಹೆಸರನ್ನು ಹೇಳಿ ಪ್ರಾರ್ಥಿಸಬೇಕು. ಅನಂತರ, ಆಕೆಗೆ ಕೇಳಿಸುವಂತೆಯೇ, ಗಡಿಯಾಚೆಯ ತಾಯಿಯ ಮಗನಿಗಾಗಿಯೂ ಪ್ರಾರ್ಥಿಸಬೇಕು.