ಕೋರ್ಟಿನಲ್ಲಿ ಚಿತ್ರ ಮಾಡುವ ವಾದ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಬಿ.ಇ. ಓದಿದವನು, ವಕೀಲನಲ್ಲ. ಆದರೆ ಅಮೆರಿಕದ ವಕೀಲರು ಕೋರ್ಟಿನಲ್ಲಿ ಫೋಟೊ, ವಿಡಿಯೊ, ದಾಖಲೆಗಳನ್ನು ಪರದೆಯ ಮೇಲೆ ತೋರಿಸಲು ಬಳಸುವ ಸಾಫ್ಟ್‌ವೇರನ್ನು ನಮ್ಮ ತಂಡ ಬರೆಯುತ್ತದೆ. ಅಲ್ಲಿ ದೊಡ್ಡ ಕ್ರಿಮಿನಲ್ ಕೇಸುಗಳಲ್ಲಿ ತಪ್ಪಿತಸ್ಥ ಹೌದೋ ಅಲ್ಲವೋ ಎಂದು ಹೇಳುವವರು ಸಾಮಾನ್ಯವಾಗಿ ಹನ್ನೆರಡು ಮಂದಿ ಜ್ಯೂರಿಗಳು. ಕಾನೂನು ಓದಿದವರಲ್ಲ, ನಮ್ಮ ನಿಮ್ಮಂಥವರು. ದಿನವಿಡೀ ಮಾತು ಕೇಳಿ ದಣಿದವರ ಮುಂದೆ ಒಂದು ನಕ್ಷೆ ಇಟ್ಟರೆ ಮತ್ತೆ ಗಮನ ಬರುತ್ತದೆ. ಅದಕ್ಕೇ ಒಳ್ಳೆಯ ವಕೀಲರು ಒಂದು ಪರದೆಗೆ ಒಂದೇ ವಿಷಯ ಇಡುತ್ತಾರೆ. ಇಪ್ಪತ್ತು ಪುಟದ ಕರಾರಿನಲ್ಲಿ ಬೇಕಾದ ಒಂದೇ ಸಾಲನ್ನು ದೊಡ್ಡದು ಮಾಡಿ ತೋರಿಸುತ್ತಾರೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. 1991ರ ಮಾರ್ಚ್ 3ರಂದು, ಮಧ್ಯರಾತ್ರಿ ಕಳೆದ ಮೇಲೆ, ಲಾಸ್ ಏಂಜಲಿಸ್‌ನಲ್ಲಿ ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ಜನಾಂಗದ ವ್ಯಕ್ತಿಯನ್ನು ಲಾಠಿಯಿಂದ ಬಡಿದರು. ಜಾರ್ಜ್ ಹಾಲಿಡೇ ಎಂಬವರು ತಮ್ಮ ಮನೆಯ ಬಾಲ್ಕನಿಯಿಂದ ಅದನ್ನು ಚಿತ್ರೀಕರಿಸಿದರು. ಟಿವಿಯಲ್ಲಿ ನೋಡಿದ ಬಹಳ ಜನ ಶಿಕ್ಷೆ ಆಗಿಯೇ ಆಗುತ್ತದೆ ಎಂದುಕೊಂಡರು. ಪೊಲೀಸರ ಪರ ವಕೀಲರು ಟೇಪನ್ನು ಬಚ್ಚಿಡಲಿಲ್ಲ. ಅದನ್ನೇ ಚೂರುಚೂರು ಮಾಡಿ, ನಿಲ್ಲಿಸಿ ನಿಲ್ಲಿಸಿ ತೋರಿಸಿದರು: ನೋಡಿ, ಇಲ್ಲಿ ಕಾಲು ಎತ್ತಿದ, ಇಲ್ಲಿ ಏಳಲು ನೋಡುತ್ತಿದ್ದಾನೆ ಎಂದು. ಏಟಿನ ರಭಸವೇ ಮಾಯವಾಯಿತು. 1992ರ ಏಪ್ರಿಲ್ 29ರಂದು, ಒಬ್ಬನ ಮೇಲಿನ ಒಂದು ಆರೋಪದ ಹೊರತು, ನಾಲ್ವರೂ ಖುಲಾಸೆಯಾದರು. ಊರು ಹೊತ್ತಿ ಉರಿಯಿತು. 50ಕ್ಕೂ ಹೆಚ್ಚು ಜನ ಸತ್ತರು. ಮುಂದೆ 1993ರಲ್ಲಿ ಫೆಡರಲ್ ಕೋರ್ಟಿನಲ್ಲಿ ಇಬ್ಬರಿಗೆ ಶಿಕ್ಷೆಯಾಯಿತು.

ನಿಧಾನಗತಿ ಆರೋಪಿಯ ವಿರುದ್ಧವೂ ಕೆಲಸ ಮಾಡುತ್ತದೆ. ನಿಧಾನವಾಗಿ ತೋರಿಸಿದರೆ, ಆತ ಬೇಕೆಂದೇ ಮಾಡಿದ ಎಂದು ನೋಡುವವರಿಗೆ ಹೆಚ್ಚಾಗಿ ಅನಿಸುತ್ತದೆ ಎಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹಾಗಾಗಿ ವಿಡಿಯೊ ಯಾವ ವೇಗದಲ್ಲಿ ಓಡುತ್ತಿದೆ ಎಂಬುದು ಪರದೆಯ ಮೂಲೆಯಲ್ಲಿ ಸದಾ ಕಾಣಬೇಕು ಎಂದು ನಾನು ಪಟ್ಟು ಹಿಡಿಯುತ್ತೇನೆ. ಜೊತೆಗಾರರಿಗೆ ಇದು ಸ್ವಲ್ಪ ಕಿರಿಕಿರಿ.

ನಮ್ಮ ಕ್ರಿಮಿನಲ್ ಕೋರ್ಟುಗಳಲ್ಲಿ ಜ್ಯೂರಿ ಇಲ್ಲ, ತೀರ್ಪು ನ್ಯಾಯಾಧೀಶರದೇ. ಆದರೂ ಬದುವಿನ ಜಗಳದಲ್ಲಿ ನೂರು ಮಾತಿಗಿಂತ ಹದ್ದುಬಸ್ತಿನ ನಕ್ಷೆ, ಕೋರ್ಟ್ ಕಮಿಷನರ್ ಸ್ಥಳ ನೋಡಿ ಕೊಟ್ಟ ವರದಿ ಹೆಚ್ಚು ತೂಗುತ್ತವೆ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ, ವಿಡಿಯೊದ ಪ್ರತಿಯನ್ನು ಹಾಜರುಪಡಿಸುವಾಗ ಪ್ರಮಾಣಪತ್ರ ಬೇಕು. ಅದರಲ್ಲಿ ಹ್ಯಾಶ್ ಸಂಖ್ಯೆ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟಿನ ಗುರುತು ಎಂದುಕೊಳ್ಳಿ; ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಅದು ಬೇರೆಯಾಗುತ್ತದೆ. ವಾಟ್ಸಾಪ್‌ನಲ್ಲಿ ಸಾಮಾನ್ಯವಾಗಿ ಕಳಿಸಿದ ವಿಡಿಯೊ ಕುಗ್ಗಿ ಹೋಗುತ್ತದೆ, ಮೂಲದ ಗುರುತು ಅದಕ್ಕಿರುವುದಿಲ್ಲ. ಆದ್ದರಿಂದ ಚಿತ್ರೀಕರಿಸಿದ ಫೋನನ್ನೇ, ಏನೂ ಅಳಿಸದೆ, ಕತ್ತರಿಸದೆ, ವಕೀಲರ ಬಳಿ ತೆಗೆದುಕೊಂಡು ಹೋಗಿ. ಯಾರಿಗಾದರೂ ಸಂದೇಹವಿದ್ದರೆ ಊಟದ ಹೊತ್ತಿಗೆ ಸಿಗುತ್ತೇನೆ, ಫೋನಿನಲ್ಲೇ ತೋರಿಸುತ್ತೇನೆ.